ನಮ್ಮತ್ತೆಯ ಮುಂಗಡ ಸ್ತೋತ್ರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಭಾನುವಾರ ಚರ್ಚಿನ ಸಭೆಯಲ್ಲಿ, ದೇವರು ತಮಗೆ ಮಾಡಿದ್ದನ್ನು ಎದ್ದು ನಿಂತು ಸಾಕ್ಷಿ ಹೇಳುವ ಹೊತ್ತು ಬಂತೆಂದರೆ ನಾನು ಮನಸ್ಸಿನಲ್ಲೇ ಮರುದಿನದ ಪಾಠ ತಯಾರು ಮಾಡುತ್ತ ಕೂರುವವಳು. ಒಬ್ಬರಿಗೆ ಕನಸಿನಲ್ಲಿ ಬೆಳಕು ಕಂಡಿತಂತೆ, ಇನ್ನೊಬ್ಬರನ್ನು ಯಾರೋ ಹೆಸರು ಹಿಡಿದು ಕರೆದರಂತೆ, ತಿರುಗಿ ನೋಡಿದರೆ ಯಾರೂ ಇರಲಿಲ್ಲವಂತೆ. ನಾನು ಕೊಟ್ಟೂರಿನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತೇನೆ. ಹುಟ್ಟಿದ್ದು ಕ್ರೈಸ್ತರ ಮನೆಯಲ್ಲಿ. ದೇವರ ಮೇಲೆ ನಂಬಿಕೆ ಇತ್ತು, ಈ ಅಂತೆಕಂತೆಗಳ ಮೇಲೆ ಇರಲಿಲ್ಲ. ಈಗ ಅಂಥದೇ ಒಂದನ್ನು ನಾನೇ ಹೇಳಲು ಹೊರಟಿದ್ದೇನೆ. ನಗುವವರು ನಗಬಹುದು. ನಾನೂ ಅರ್ಧಕ್ಕರ್ಧ ನಗುತ್ತಲೇ ಬರೆಯುತ್ತಿದ್ದೇನೆ.

ನಮ್ಮ ಮನೆ ಕೂಡ್ಲಿಗಿಯಲ್ಲಿ. ನಮ್ಮ ಯಜಮಾನರು ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಮಾತು ಕಡಿಮೆ. ಅವರ ಪಾಲಿನ ಮಾತನ್ನೂ ಸೇರಿಸಿ ಆಡುವವರು ಅವರ ತಾಯಿ, ಅಂದರೆ ನಮ್ಮತ್ತೆ ಎಸ್ತೇರಮ್ಮ. ಈ ಅನುಭವದಲ್ಲಿ ನನಗಿಂತ ಅವರ ಪಾಲೇ ಹೆಚ್ಚಿರುವುದರಿಂದ ಅವರ ಒಂದು ಅಭ್ಯಾಸವನ್ನು ಮೊದಲು ಹೇಳಬೇಕು.

ಪ್ರಾರ್ಥನೆಗೆ ಉತ್ತರ ಸಿಕ್ಕ ಮೇಲೆ ಎದ್ದು ನಿಂತು ದೇವರಿಗೆ ಸ್ತೋತ್ರ ಹೇಳುವುದು ಎಲ್ಲ ಸಭೆಗಳಲ್ಲೂ ಇರುವ ಪದ್ಧತಿ. ನಮ್ಮತ್ತೆಗೆ ಅಷ್ಟು ತಾಳ್ಮೆ ಇಲ್ಲ. ಅವರು ಮುಂಗಡವಾಗಿಯೇ ಹೇಳಿಬಿಡುತ್ತಾರೆ. ಮೊಣಕಾಲು ನೋವು ಪೂರ್ತಿ ಹೋಯಿತೆಂದು ಒಂದು ಭಾನುವಾರ ಎಲ್ಲರ ಮುಂದೆ ಸಾಕ್ಷಿ ಹೇಳಿ, ಆಮೇಲೆ ಇಬ್ಬರ ಹೆಗಲ ಮೇಲೆ ಕೈಹಾಕಿ ಕುಂಟುತ್ತ ತಮ್ಮ ಜಾಗಕ್ಕೆ ಬಂದು ಕೂತರು. ಇನ್ನೊಮ್ಮೆ ಹಗರಿಬೊಮ್ಮನಹಳ್ಳಿಗೆ ಹೋಗಬೇಕಾಗಿ ಬಸ್ ನಿಲ್ದಾಣದಲ್ಲಿ ಕಾದು ಕಾದು ಸಾಕಾದಾಗ, ಬಸ್ಸು ಕಳಿಸಿದ್ದಕ್ಕೆ ಸ್ತೋತ್ರ ಎಂದು ಗಟ್ಟಿಯಾಗಿ ಹೇಳಿದರು. ಬಸ್ಸು ಬಂತು ಕೂಡ, ಆದರೆ ಅದು ದಾವಣಗೆರೆಗೆ ಹೋಗುವುದು. "ಬಸ್ ಕೇಳಿದ್ದೆ, ಊರಿನ ಹೆಸರು ಹೇಳಾದು ಮರತೆ," ಅಂದರು. ಹೀಗೇಕೆ ಮಾಡುತ್ತೀರಿ ಎಂದು ನಾನು ಕೇಳಿದ್ದಿದೆ. "ಕೊಟ್ಟಮ್ಯಾಲೆ ಸ್ತೋತ್ರ ಹೇಳಾದು ಬರೇ ಮರ್ಯಾದಿ ಆತವಾ. ಅದಕ್ಕ ನಂಬಿಕಿ ಯಾಕ ಬೇಕು?" ಅಂದರು. ಲೆಕ್ಕ ಬಿಡಿಸುವ ಮೊದಲೇ ಉತ್ತರ ಬರೆಯುವ ಮಕ್ಕಳಿಗೆ ನಾನು ಸೊನ್ನೆ ಕೊಡುತ್ತೇನೆ. ಅತ್ತೆಗೆ ಕೊಡುವ ಹಾಗಿರಲಿಲ್ಲ.

ನಮಗೆ ಮಕ್ಕಳಾಗಲಿಲ್ಲ. ಆಸ್ಪತ್ರೆಗಳ ಕಥೆ ಬೇಡ. ಕೊನೆಗೆ ದತ್ತು ತೆಗೆದುಕೊಳ್ಳೋಣವೆಂದು ನಿರ್ಧರಿಸಿ ಅರ್ಜಿ ಹಾಕಿದೆವು. ಅದಕ್ಕೆ ದೊಡ್ಡ ಸರತಿ ಇರುತ್ತದೆ, ವರ್ಷಗಟ್ಟಲೆ ಕಾಯಬೇಕು. ಸಂಗತಿ ಗೊತ್ತಿದ್ದದ್ದು ಮನೆಯ ಮೂವರಿಗೆ ಮಾತ್ರ. ಹೊರಗೆ ಯಾರಿಗೂ ಹೇಳಕೂಡದೆಂದು ನಾನೇ ಕಟ್ಟುನಿಟ್ಟು ಮಾಡಿದ್ದೆ. ಹೇಳಿದರೆ ದಿನಾ ಒಬ್ಬರು "ಏನಾತ್ರಿ?" ಎಂದು ಕೇಳುತ್ತಾರೆ, ದಿನಾ "ಇನ್ನೂ ಇಲ್ರಿ" ಅನ್ನಬೇಕು.

ಗೊತ್ತಿಲ್ಲದ ನಂಬರಿನಿಂದ ಫೋನು ಬಂದಾಗೆಲ್ಲ ಕೈಲಿದ್ದದ್ದು ಬಿಟ್ಟು ಓಡುತ್ತಿದ್ದೆ. ತೆಗೆದರೆ ದಾವಣಗೆರೆಯಲ್ಲಿ ಸೈಟು ಬೇಕಾ ಮೇಡಂ ಎಂದು ಯಾರೋ ಕೇಳುತ್ತಿದ್ದರು. ಮೂರನೆಯ ವರ್ಷ ಬರುವ ಹೊತ್ತಿಗೆ ನನಗೆ ಭಯ ಹಿಡಿದಿತ್ತು. ನಮ್ಮ ವಯಸ್ಸು ಏರುತ್ತಿತ್ತು, ಸರತಿ ಸರಿಯುತ್ತಿರಲಿಲ್ಲ. ಪ್ರಾರ್ಥನೆಯಲ್ಲಿ ಅದೊಂದನ್ನು ಕೇಳುವುದನ್ನೇ ಬಿಟ್ಟಿದ್ದೆ. ಕೇಳಿದ್ದನ್ನೇ ಕೇಳಿ ಕೇಳಿ ನಾಚಿಕೆಯಾಗತೊಡಗಿತ್ತು. ಅತ್ತಿದ್ದಂತೂ ಇಲ್ಲ. ಅತ್ತರೆ ಆಸೆ ಬಿಟ್ಟಂತೆ ಎಂದು ಅದೇಕೋ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಆ ಭಾನುವಾರ ನನಗೆ ಹರಪನಹಳ್ಳಿಯಲ್ಲಿ ಪರೀಕ್ಷಾ ಕೆಲಸ. ಸಭೆಗೆ ಹೋಗಲಾಗಲಿಲ್ಲ. ಬೆಳಗಿನಿಂದ ನಿಂತು ನಿಂತು ಕಾಲು ಮರಗಟ್ಟಿ, ಮಧ್ಯಾಹ್ನ ಇಳಿಯುವ ಹೊತ್ತಿಗೆ ಕೂಡ್ಲಿಗಿ ಮುಟ್ಟಿದೆ. ನಮ್ಮ ಓಣಿಗೆ ತಿರುಗಿದರೆ ಮನೆಯ ಮುಂದೆ ಒಂದು ಟಂಟಂ ಆಟೊ ನಿಂತಿದೆ, ಬಾಗಿಲಲ್ಲಿ ಚಪ್ಪಲಿಗಳ ರಾಶಿ. ನಮ್ಮ ಕಡೆ ಹೊತ್ತಲ್ಲದ ಹೊತ್ತಿನಲ್ಲಿ ಅಷ್ಟು ಚಪ್ಪಲಿ ಬಿದ್ದಿವೆ ಅಂದರೆ ಒಂದೇ ಅರ್ಥ. ಅತ್ತೆ ಹೋಗಿಬಿಟ್ಟರು ಎಂದುಕೊಂಡೆ. ಬೆಳಿಗ್ಗೆ ಹೊರಡುವಾಗ ಚಟ್ನಿಗೆ ಉಪ್ಪು ಹೆಚ್ಚಾಯಿತೆಂದು ಅವರೊಂದಿಗೆ ಜಗಳ ಮಾಡಿದ್ದು ನೆನಪಾಗಿ, ಬ್ಯಾಗನ್ನು ಅಲ್ಲೇ ಬಿಟ್ಟು ಓಡಿದೆ.

ಅತ್ತೆ ನಡುಮನೆಯಲ್ಲಿ ನಿಂತು ಎಲ್ಲರಿಗೂ ಚಹ ಕೊಡುತ್ತಿದ್ದರು.

ಸಭೆಯ ಹೆಂಗಸರು ತುಂಬಿಹೋಗಿದ್ದರು. ಹೊಸಹಳ್ಳಿಯ ಮಾರ್ಥಮ್ಮ, ನಮ್ಮ ಸಭೆಯ ಹಿರಿಯ ಹೆಂಗಸು, ನನ್ನನ್ನು ನೋಡಿದವರೇ ಎದ್ದು ಬಂದು ಕೈಹಿಡಿದು ನಡುಮನೆಯಲ್ಲೇ ಹಾಸಿದ್ದ ಹಾಸಿಗೆಯ ಮೇಲೆ ಕೂರಿಸಿದರು. "ಬಾಣಂತಿ ಹಿಂಗ ನಿಂದ್ರಬಾರ್ದು ಟೀಚರ್ರ, ಸೊಂಟ ಹಿಡೀತೈತಿ," ಅಂದರು. ಮಡಿಲಿಗೆ ಒಂದು ಸ್ಟೀಲ್ ಡಬ್ಬಿ ಬಂತು. ಅದರ ತುಂಬ ಅಂಟಿನುಂಡೆ. ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ ಹಾಕಿ ನಮ್ಮ ಕಡೆ ಬಾಣಂತಿಯರಿಗೆಂದೇ ಕಟ್ಟುವ ಉಂಡೆಗಳು. ಹೆರಿಗೆಗೆ ಬರಲಿರುವ ತಮ್ಮ ಮಗಳಿಗೆಂದು ಮಾಡಿಟ್ಟದ್ದನ್ನು ಮಾರ್ಥಮ್ಮ ಹಾಗೆಯೇ ಎತ್ತಿಕೊಂಡು ಬಂದಿದ್ದರು. ಇನ್ನೊಬ್ಬರು ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದರು. ಕೂಸಿನ ಕುಲಾವಿ, ಹೊದಿಸುವ ದುಪಟಿ, ಬೆಳ್ಳಗಿನ ಬಟ್ಟೆಯ ತುಂಡುಗಳು ಮೂಲೆಯಲ್ಲಿ ಗುಡ್ಡೆ ಬಿದ್ದಿದ್ದವು.

ಆಗಿದ್ದು ಇಷ್ಟು. ಬೆಳಿಗ್ಗೆ ಸಭೆಯಲ್ಲಿ ಅತ್ತೆ ಎದ್ದು ನಿಂತು, ಕರ್ತನು ನಮ್ಮ ಮನೆಗೆ ದೂರದಿಂದ ಹೆಣ್ಣುಕೂಸು ಕಳಿಸಿದ್ದಾನೆ, ಆತನಿಗೆ ಸ್ತೋತ್ರ ಎಂದು ಹೇಳಿ ಕೂತಿದ್ದಾರೆ. ಅವರ ಮೊಣಕಾಲಿನ ಸಾಕ್ಷಿ ಗೊತ್ತಿದ್ದವರೂ ಕೂಸಿನ ವಿಷಯದಲ್ಲಿ ಯಾರಾದರೂ ಮುಂಗಡ ಹೇಳುತ್ತಾರೆಂದು ಎಣಿಸಲಿಲ್ಲ. ದೂರದಿಂದ ಎಂದದ್ದರಿಂದಲೇ ದತ್ತು ಎಂಬುದು ಅವರಿಗೆ ತಿಳಿದಿತ್ತು. ಆದರೆ ಹೊಸ ಕೂಸು ಬಂದ ಮನೆಗೆ ಹೇಗೆ ಹೋಗಬೇಕೆಂಬುದಕ್ಕೆ ಅವರಲ್ಲಿ ಇರುವುದು ಒಂದೇ ಪದ್ಧತಿ. "ಹಡದ್ರೇನು, ತಂದ್ರೇನ್ರಿ? ನಿದ್ದಿ ಕೆಡಾದು ಒಂದಾ, ಉಂಡಿ ತಿನ್ರಿ," ಅಂದರು ಮಾರ್ಥಮ್ಮ. ನನಗೆ ಸಿಟ್ಟು ನೆತ್ತಿಗೇರಿದ್ದರೂ ಆ ಮಾತಿಗೆ ಒಂದು ಉಂಡೆ ಮುರಿದು ಬಾಯಿಗೆ ಹಾಕಿಕೊಂಡೆ.

ಕೂಸನ್ನು ತೋರಿಸಿ ಎಂದು ಮಾತ್ರ ಯಾರೂ ಕೇಳಲಿಲ್ಲ. ಒಳಗೆ ಮಲಗಿದೆ ಎಂದು ತಾವೇ ತಿಳಿದುಕೊಂಡಿದ್ದರು. "ದೃಷ್ಟಿ ಗಿಷ್ಟಿ ನಾವು ನಂಬಂಗಿಲ್ರಿ," ಎಂದು ಮಾರ್ಥಮ್ಮ ದನಿ ತಗ್ಗಿಸಿದರು, "ಆದರ ಇಷ್ಟು ಮಂದಿ ಒಮ್ಮಿಗೇ ನೋಡಾದು ಬ್ಯಾಡ."

ನಾನು ಎದ್ದು ಅಡುಗೆಮನೆಗೆ ಹೋದೆ. ಅತ್ತೆ ಇನ್ನೊಂದು ಪಾತ್ರೆ ಚಹ ಇಡಲು ಹಿಂದೆಯೇ ಬಂದರು.

"ಸುಳ್ಳು ಯಾಕ ಹೇಳಿದ್ರಿ?" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದೆ.

"ಸುಳ್ಳು ಎಲ್ಲಿ ಹೇಳೀನಿ? ಸ್ತೋತ್ರ ಹೇಳೀನಿ."

"ಕೂಸು ಎಲ್ಲಿ ಐತ್ರಿ?"

"ಬರಾಕ ಹತ್ತೈತಿ," ಎಂದು ಚಹಕ್ಕೆ ಶುಂಠಿ ಜಜ್ಜಿದರು.

ಇನ್ನು ಇವರೊಂದಿಗೆ ವಾದಿಸಿ ಫಲವಿಲ್ಲ, ನಾನೇ ಹೋಗಿ ಎಲ್ಲರಿಗೂ ನಿಜ ಹೇಳುತ್ತೇನೆ ಎಂದೆ. ಚಹದ ತಟ್ಟೆ ಹಿಡಿದು ಅವರು ನಡುಮನೆಗೆ ಹೋದರು. ನಾನು ಹಿಂದಿನ ಬಚ್ಚಲಲ್ಲಿ ಮುಖಕ್ಕೆ ನೀರು ಹಾಕಿಕೊಳ್ಳುತ್ತ ಮಾತು ಜೋಡಿಸತೊಡಗಿದೆ. ಅಷ್ಟು ಜನರ ಮುಂದೆ ನನ್ನ ಬಾಯಿಂದಲೇ ಕೂಸಿಲ್ಲ ಎಂದು ಹೇಳಬೇಕಿತ್ತಲ್ಲ, ಮತ್ತೆ ಮತ್ತೆ ನೀರೇ ಹಾಕಿಕೊಂಡೆ.

ನಮ್ಮ ಮನೆ ಸಾಲಾಗಿ ಮೂರು ಕೋಣೆ. ಮುಂದೆ ನಡುಮನೆ, ಆಮೇಲೆ ನಾವು ಮಲಗುವ ಕೋಣೆ, ಅದರ ಹಿಂದೆ ಅಡುಗೆಮನೆ. ಮಲಗುವ ಕೋಣೆಗೂ ನಡುಮನೆಗೂ ನಡುವೆ ಒಂದು ಪರದೆ. ಆ ಕೋಣೆಯೊಳಗಿಂದ ಕೂಸು ಅತ್ತಿತು.

ಹೆಚ್ಚು ಹೊತ್ತಲ್ಲ. ಸಣ್ಣಗೆ ಶುರುವಾಗಿ, ಏರಿ, ಒಮ್ಮೆ ಬಿಕ್ಕಿ ನಿಂತಿತು. ನಾನು ಒದ್ದೆ ಮುಖದಲ್ಲೇ ಒಳಗೆ ಬಂದೆ. ಮಂಚ, ಬೀರು, ಕುರ್ಚಿಯ ಮೇಲೆ ಮಡಚದ ಬಟ್ಟೆಗಳು, ಅಷ್ಟೇ. ಕಿಟಕಿ ಹಾಕಿತ್ತು. ಬೆಕ್ಕಿರಬೇಕೆಂದು ಮಂಚದ ಕೆಳಗೆ ಬಗ್ಗಿ ನೋಡಿದೆ. ಅತ್ತೆಯ ಹಳೆಯ ಟ್ರಂಕು ಬಿಟ್ಟರೆ ಏನಿಲ್ಲ. ಆಗ ನಮ್ಮ ಓಣಿಯಲ್ಲಿ ಎಳೆಗೂಸಿದ್ದ ಮನೆ ಒಂದೂ ಇರಲಿಲ್ಲ. ಮಂಚದ ಮೇಲೆ ಕೂತುಬಿಟ್ಟೆ. ಪರದೆಯಾಚೆಯಿಂದ ಅತ್ತೆಯ ದನಿ ಕೇಳಿತು.

"ಹಸದಾಳ, ಅಳಾಕ ಹತ್ಯಾಳ. ಸ್ವಲ್ಪ ಅಳ್ಲಿ ಬಿಡ್ರಿ. ನಾವು ಪ್ರಾರ್ಥನಿ ಮಾಡೂಣು."

ಅವರೆಲ್ಲ ಮೆಲ್ಲಗೆ ಪ್ರಾರ್ಥನೆ ಮಾಡಿ, ಕೂಸು ಎದ್ದೀತೆಂದು ಬಳೆ ಸದ್ದಾಗದಂತೆ ಒಬ್ಬೊಬ್ಬರಾಗಿ ಹೊರಟುಹೋದರು. ನಿಜ ಹೇಳುವೆನೆಂದು ಹೊರಟ ನಾನು ಮಂಚದಿಂದ ಏಳಲೇ ಇಲ್ಲ.

ಹೊರಗೆ ನಮ್ಮ ಯಜಮಾನರು ಡಿಪೋದಿಂದ ಬರುತ್ತಿದ್ದವರು ಸಿಕ್ಕಿಬಿದ್ದಿದ್ದರು. ಪಕ್ಕದ ವೆಲ್ಡಿಂಗ್ ಅಂಗಡಿಯ ಖಾಜಾಸಾಬರು ಸುದ್ದಿ ಕೇಳಿದ್ದೇ ತಡ, ಈಗ ಶಾಲೆಗೆ ಹೋಗುವ ಮೊಮ್ಮಗಳಿಗೆ ಹಿಂದೆ ಮಾಡಿದ್ದ ಕಬ್ಬಿಣದ ತೊಟ್ಟಿಲಿಗೆ ಹೊಸದಾಗಿ ಹಸಿರು ಬಣ್ಣ ಬಳಿದು ತಂದಿದ್ದರು. ಬಣ್ಣ ಇನ್ನೂ ಹಸಿ. ಒಂದು ತುದಿ ಹಿಡಿದು ಬಾಗಿಲಲ್ಲಿ ನಿಂತ ನಮ್ಮವರ ಎರಡೂ ಅಂಗೈ ಹಸಿರು. "ಇದನ್ನ ಎಲ್ಲಿ ಇಡ್ಲಿ?" ಎಂದರು. ಆ ದಿನ ಅವರು ಆಡಿದ್ದು ಅದೊಂದೇ ಮಾತು.

ಮುಂದಿನ ಭಾನುವಾರ ನಾನು ಸಭೆಯಲ್ಲಿ ಎದ್ದು ನಿಂತೆ. ಕೂಸು ಇನ್ನೂ ಬಂದಿಲ್ಲ, ನಾವು ಕಾಯುತ್ತಿದ್ದೇವೆ, ತಪ್ಪು ತಿಳಿಯಬೇಡಿ ಎಂದು ಹೇಳಿ ಕೂತೆ. ಯಾರಾದರೂ ನಗುತ್ತಾರೆ, ಇಲ್ಲವೆ ಬೈಯುತ್ತಾರೆ ಎಂದುಕೊಂಡಿದ್ದೆ. ಮಾರ್ಥಮ್ಮ, "ಹಂಗ್ಯಾಕ ಅಂತೀರಿ ಟೀಚರ್ರ? ಕೂಸು ಅತ್ತಿದ್ದು ನಾವು ಕೇಳೀವಲ್ಲ," ಅಂದರು. ಹೆಂಗಸರೆಲ್ಲ ಹೌದೆಂದು ತಲೆಯಾಡಿಸಿದರು. ಸಭೆಯ ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಹಾಗಾದರೆ ಎಲ್ಲರೂ ಸೇರಿ ಕಾಯೋಣ ಎಂದು ಹಾಡು ಶುರುಮಾಡಿದರು.

ತೊಟ್ಟಿಲನ್ನು ಖಾಜಾಸಾಬರು ವಾಪಸು ಒಯ್ಯಲಿಲ್ಲ. ಅದು ನಡುಮನೆಯಲ್ಲೇ ನಿಂತು ಬಂದವರ ಕಾಲ್ಬೆರಳು ಜಜ್ಜುತ್ತಿತ್ತು. ನಮ್ಮವರು ಅದರ ಮೇಲೆ ಟವೆಲ್ ಒಣಹಾಕುತ್ತಿದ್ದರು. ಅಂಟಿನುಂಡೆ ತಿಂದು ತಿಂದು ನನ್ನ ರವಿಕೆಗಳೆಲ್ಲ ಬಿಗಿಯಾದವು. ದಿನಾ ಒಬ್ಬರು "ಏನಾತ್ರಿ?" ಎಂದು ಕೇಳಿದರು, ನಾನು ಹೆದರಿದ್ದ ಹಾಗೆಯೇ. ಆದರೆ "ಇನ್ನೂ ಇಲ್ರಿ" ಅಂದರೆ ಅವರೂ ನನ್ನಷ್ಟೇ ಸಪ್ಪಗಾಗುತ್ತಿದ್ದರು. ಅದೊಂದು ಸಮಾಧಾನ ಸಿಗುತ್ತದೆಂದು ನಾನು ಮೊದಲು ಎಣಿಸಿಯೇ ಇರಲಿಲ್ಲ. ಪ್ರಾರ್ಥನೆಯಲ್ಲಿ ಮತ್ತೆ ಕೇಳತೊಡಗಿದೆ. ಊರೇ ಕೇಳುವಾಗ ನನಗೊಬ್ಬಳಿಗೆ ಏನು ನಾಚಿಕೆ?

ಕೆಲವು ತಿಂಗಳ ಮೇಲೆ ಆ ಫೋನು ಬಂದಾಗ ನಾನು ಹತ್ತನೆಯ ತರಗತಿಗೆ ಸಂಭವನೀಯತೆಯ ಪಾಠ ಮಾಡುತ್ತಿದ್ದೆ. ಇದನ್ನು ಕಟ್ಟಿ ಹೇಳುತ್ತಿದ್ದೇನೆ ಎಂದು ನೀವು ಅಂದರೆ ಬೇಸರವಿಲ್ಲ. ಸೈಟು ಮಾರುವವರೆಂದು ಮೊದಲ ಸಲ ಎತ್ತಲಿಲ್ಲ. ಎರಡನೆಯ ಸಲ ಎತ್ತಿದೆ. ಹೆಣ್ಣುಕೂಸು.

ಬೇರೆ ಜಿಲ್ಲೆಯ ಶಿಶುಗೃಹದಿಂದ ಅವಳನ್ನು ಕರೆತಂದ ಮೇಲೆ ನಾನು ಸುಮ್ಮನಿರಲಿಲ್ಲ, ಲೆಕ್ಕ ಹಾಕಿದೆ. ಆ ಭಾನುವಾರ ಇವಳು ಹುಟ್ಟಿದ್ದಳೇ? ಉತ್ತರ ಸಿಗಲಿಲ್ಲ. ಯಾರೋ ಬಿಟ್ಟುಹೋದ ಇಂಥ ಮಕ್ಕಳ ಹುಟ್ಟಿದ ದಿನವನ್ನು ವೈದ್ಯರು ಅಂದಾಜಿನ ಮೇಲೆ ಬರೆಯುತ್ತಾರೆ, ಒಂದೆರಡು ವಾರ ಆಚೀಚೆ ಇರಬಹುದು. ನನ್ನ ಭಾನುವಾರ ಸರಿಯಾಗಿ ಆ ಆಚೀಚೆಯಲ್ಲೇ ಬೀಳುತ್ತದೆ. ಅಳು ಒಂದೇ ಥರ ಇತ್ತೇ ಎಂದು ಮಾರ್ಥಮ್ಮ ಕೇಳಿದರು. ಎಳೆಗೂಸುಗಳ ಅಳುವೆಲ್ಲ ನನ್ನ ಕಿವಿಗೆ ಒಂದೇ. ಹೌದೆಂದು ಹೇಳುವ ಧೈರ್ಯವೂ ಇಲ್ಲ, ಅಲ್ಲವೆನ್ನಲು ಮನಸ್ಸೂ ಇಲ್ಲ.

ಅವಳು ಬಂದ ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ ಅತ್ತೆ ಕೂಸನ್ನು ಕಾಲ ಮೇಲೆ ಹಾಕಿಕೊಂಡು ತಟ್ಟುತ್ತ ಕೂತಿದ್ದರು. ಆ ದಿನ ಅಷ್ಟು ಗಟ್ಟಿಯಾಗಿ ಹೇಗೆ ಹೇಳಿದಿರಿ, ನಿಮಗೆ ಮೊದಲೇ ಗೊತ್ತಿತ್ತೇ ಎಂದು ಕೇಳಿದೆ.

"ನನಗೇನ್ ಗೊತ್ತಿತ್ತವಾ," ಅಂದರು. "ಅಂಜಿಕಿ ಆಗಿತ್ತು. ನೀ ದಿನಾ ಫೋನ್ ನೋಡಾದು ನೋಡಿ ನನಗ ಊಟ ಸೇರ್ತಿದ್ದಿಲ್ಲ. ಗಟ್ಟಿಯಾಗಿ ಹೇಳಿದ್ರ ಸ್ವಲ್ಪ ಧೈರ್ಯ ಬರ್ತೈತಿ, ಅದಕ್ಕ ಹೇಳಿದೆ."

"ಮತ್ತ ಒಳಗ ಕೂಸು ಅಳಾಕ ಹತ್ತಿದಾಗ ನಿಮಗೇನೂ ಅನಿಸಲಿಲ್ಲೇನು?"

ಅವರು ನನ್ನನ್ನೇ ನೋಡಿದರು. "ಕೂಸೇನು? ಅದು ನೀನಲ್ಲ? ಮೂರು ವರ್ಷ ಒಂದು ಹನಿ ಹಾಕಿದ್ದಿಲ್ಲ, ಅವತ್ತು ತಡೀಲಾರದ ಕುಂತು ಅಳಾಕ ಹತ್ತೀದಿ ಅಂತ ತಿಳಕೊಂಡೆ. ದುಃಖ ಬಂದ್ರ ದೊಡ್ಡವರೂ ಕೂಸಿನಂಗನ ಅಳ್ತಾರ. ಮಂದಿ ಮುಂದ ನಿನಗ ಕಡಿಮಿ ಆಗಬಾರ್ದು ಅಂತ ಹಸದಾಳ ಅಂದೆ."

ನಾನಲ್ಲ ಎಂದೆ. ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದೆ, ನನಗೂ ಆ ಕೋಣೆಯಿಂದಲೇ ಕೇಳಿಸಿತು, ಹೋಗಿ ನೋಡಿದರೆ ಯಾರೂ ಇರಲಿಲ್ಲ ಎಂದೆ. ಅತ್ತೆಯ ಕೈ ತಟ್ಟುವುದನ್ನು ನಿಲ್ಲಿಸಿತು.

"ಹಂಗಾರ ಯಾರು?" ಎಂದು ಮೆಲ್ಲಗೆ ನನ್ನನ್ನೇ ಕೇಳಿದರು.

ನನಗೆ ಗೊತ್ತಿರಲಿಲ್ಲ, ಇಂದಿಗೂ ಗೊತ್ತಿಲ್ಲ. ನಾನು ಮೂರು ವರ್ಷ ಅಳದೆ ಹಿಡಿದಿಟ್ಟುಕೊಂಡಿದ್ದ ಅಳುವನ್ನು ನನ್ನದೇ ಮನೆಯಲ್ಲಿ, ನನ್ನದೇ ಕೋಣೆಯಲ್ಲಿ, ಯಾರೋ ನನಗಾಗಿ ಅತ್ತು ಹೋದರು.