ಒಂದು ಸಾಲು ಹಿಂದಕ್ಕೆ

ಬೆಳಗಿನ ಐದೂವರೆ. ಆಂಧ್ರದ ಗಡಿಯೂರು ಆದೋನಿಯ ಕೋಟೆ ಗುಡ್ಡದ ಬುಡದ ಓಣಿಗೆ ಇನ್ನೂ ಹಾಲಿನವನೂ ಬಂದಿಲ್ಲ. ಸೇತುಮಾಧವಾಚಾರ್ಯರ ಮನೆಯ ಪಡಸಾಲೆಯಲ್ಲಿ ರೇಡಿಯೋ ಮೆಕ್ಯಾನಿಕ್ ಮರಿಬಸಪ್ಪ ಕಂಬಕ್ಕೊರಗಿ ಕೂತು ಕೆಲಸ ಮಾಡುತ್ತಿದ್ದಾರೆ. ಕೈಯಲ್ಲಿ ಸ್ಕ್ರೂಡ್ರೈವರ್ ಇಲ್ಲ, ಬೆಸುಗೆ ಹಾಕುವ ಕಡ್ಡಿ ಇಲ್ಲ. ಎರಡೂ ಕೈ ಮಡಿಲಲ್ಲಿವೆ. ದಪ್ಪ ಗಾಜಿನ ಕನ್ನಡಕದ ಹಿಂದಿನ ಕಣ್ಣು ಮಾತ್ರ ಎದುರಿನ ಮಂಚದಲ್ಲಿ ದಿಂಬಿಗೊರಗಿರುವ ಆಚಾರ್ಯರ ಎಡಗೈ ಹೆಬ್ಬೆರಳಿನ ಮೇಲೆ ನೆಟ್ಟಿದೆ.

“ಇದೆಂಥ ಕೆಲಸ ಮಾರಾಯರೇ?” ಎಂದು ನಾನು ಪಿಸುಗುಟ್ಟಿದೆ.

“ಇದ ಕೆಲ್ಸ ನೋಡ್ರಿ,” ಎಂದರು ಅವರು, ಕಣ್ಣು ಕದಲಿಸದೆ. “ಬೆಸುಗಿ ಹಾಕೋದು ಅರ್ಧ ತಾಸಿಂದು. ನೋಡೋದ ತಿಂಗಳಗಟ್ಲೆ ಹಿಡಿತೈತಿ.”

ಇದು ಅವರ ಇಪ್ಪತ್ತಾರನೆಯ ಬೆಳಗು. ಆಚಾರ್ಯರ ಹೆಬ್ಬೆರಳಿನ ಕೆಳಗೆ ಒಂದು ತೇಗದ ಡಬ್ಬಿ ಇದೆ. ಅದಕ್ಕೆ ಹಿತ್ತಾಳೆಯ ಮುಚ್ಚಳ, ಮುಚ್ಚಳದಲ್ಲಿ ನಾಲ್ಕು ಗುಂಡಿ. ಡಬ್ಬಿಯಿಂದ ಹೊರಟ ವೈರು ಮಂಚದ ಕಾಲು ಹಿಡಿದಿಳಿದು, ಗೋಡೆಗುಂಟ ಹರಿದು, ಗೂಡಿನಲ್ಲಿಟ್ಟ ಟೇಪ್‌ರೆಕಾರ್ಡರನ್ನು ಸೇರುತ್ತದೆ. ಇನ್ನು ಹದಿನೈದು ನಿಮಿಷಕ್ಕೆ ಶಿಷ್ಯ ಬರುತ್ತಾನೆ. ಡಬ್ಬಿ ಕೆಲಸ ಮಾಡಿದರೆ ಆಚಾರ್ಯರು ಹದಿನಾಲ್ಕು ತಿಂಗಳ ಮೇಲೆ ಮತ್ತೆ ಪಾಠ ಹೇಳುತ್ತಾರೆ. ಮಾಡದಿದ್ದರೆ ಇರುವ ಒಬ್ಬ ಶಿಷ್ಯನೂ ಕೈತಪ್ಪುತ್ತಾನೆ. ಮರಿಬಸಪ್ಪ ತಣ್ಣಗೆ ಕೂತಿದ್ದಾರೆ, ನನಗೇ ಬೆವರು.

ನಿಜ ಹೇಳಬೇಕೆಂದರೆ ನನಗೆ ಮೆಕ್ಯಾನಿಕ್‌ಗಳೆಂದರೆ ಮೊದಲಿನಿಂದ ಅಷ್ಟಕ್ಕಷ್ಟೇ. “ನಾಳೆ ಬರ್ರಿ” ಎನ್ನುತ್ತಾ ನನ್ನ ರೇಡಿಯೋವನ್ನು ಮೂರು ತಿಂಗಳು ಇಟ್ಟುಕೊಂಡು, ಕೊನೆಗೆ ಬೇರೆ ಯಾರದೋ ರೇಡಿಯೋ ಕೊಟ್ಟು ಕಳಿಸಿದ ಮಹಾನುಭಾವರ ಕೃಪೆ ಅದು. ಆದ್ದರಿಂದ “ಆದೋನಿಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾನೆ, ಬೆಸುಗೆ ಹಾಕುವ ಮೊದಲು ಮನೆಗೆ ಬಂದು ಸುಮ್ಮನೆ ಕೂರುತ್ತಾನೆ” ಎಂದು ಗೆಳೆಯರು ಹೇಳಿದಾಗ, ಹೊಸ ನಮೂನೆಯ ಸೋಮಾರಿ ಸಿಕ್ಕ ಎಂದುಕೊಂಡೇ ನಾನು ಬಸ್ಸು ಹತ್ತಿದ್ದು. ತಪ್ಪಾಯಿತು, ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಮರಿಬಸಪ್ಪ ಹೊಳಗುಂದದವರು. ನಲವತ್ತಾರು ವರ್ಷ. ಹತ್ತೊಂಬತ್ತರಲ್ಲಿ ಒಂದು ಟೆಂಟ್ ಸಿನಿಮಾ ಸೇರಿ ಊರೂರು ಅಲೆದರು. ಟೆಂಟಿನಲ್ಲಿ ಇದ್ದ ಆಪರೇಟರ್ ಒಬ್ಬನೇ. ದೀಪ ಆರಿಸಬೇಕು, ಪ್ರೊಜೆಕ್ಟರ್ ಬಿಡಬೇಕು, ಸದ್ದು ಏರಿಸಬೇಕು, ಹೊರಗಿನ ಹಾಡು ನಿಲ್ಲಿಸಬೇಕು, ಎಲ್ಲವೂ ಒಂದೇ ಉಸಿರಿನಲ್ಲಿ. ಮರಿಬಸಪ್ಪ ಅಷ್ಟೂ ಸ್ವಿಚ್ಚುಗಳನ್ನು ಒಂದು ಹಲಗೆಯ ಮೇಲೆ ತಂದು, ಒಂದು ಹಿಡಿ ಎಳೆದರೆ ನಾಲ್ಕೂ ಕೆಲಸ ಆಗುವಂತೆ ಮಾಡಿದರು. ಅಲ್ಲಿಂದ ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ. ಟೆಂಟು ಮುಚ್ಚಿತು. ಪ್ರೊಜೆಕ್ಟರಿನ ಕಾರ್ಬನ್ ದೀಪದ ಬೆಳಕು ಏಳು ವರ್ಷದಲ್ಲಿ ಕಣ್ಣನ್ನು ತಿಂದಿತ್ತು. ಲೈಟಿನ ಬೆಳಕಿನಲ್ಲಿ ಅವರಿಗೆ ಸಣ್ಣ ವೈರು ಕಾಣುವುದಿಲ್ಲ. ಹಾಗಾಗಿ ಬಸ್‌ಸ್ಟ್ಯಾಂಡ್ ಹಿಂದಿನ ಅವರ ಅಂಗಡಿ ಮೂಡಲು ಕೆಂಪಾಗುತ್ತಲೇ ತೆರೆಯುತ್ತದೆ, ಮೆಟ್ಟಿಲ ಮೇಲೆ ಕೂತೇ ಬೆಸುಗೆ.

ದಿನಕ್ಕೆ ಎಂಟು ಹತ್ತು ರೇಡಿಯೋ, ಒಂದೆರಡು ಫ್ಯಾನು, ಮದುವೆ ಕಾಲದಲ್ಲಿ ಮೈಕ್‌ಸೆಟ್ಟು. ಈಚೆಗೆ ಎರಡು ವರ್ಷದಿಂದ, ಅಂದರೆ ಎಂಬತ್ತನಾಲ್ಕರಿಂದ, ಹತ್ತಿ ವ್ಯಾಪಾರಿಗಳ ಮನೆಗೆ ಟಿವಿ, ವಿಡಿಯೋ, ಆಂಪ್ಲಿಫೈಯರು ಬಂದಿವೆ. ಒಂದೊಂದಕ್ಕೂ ಎದ್ದು ಹೋಗಬೇಕಲ್ಲ ಎಂದು ಗೊಣಗುವ ಸಾಹುಕಾರರಿಗೆ ಮರಿಬಸಪ್ಪ ಕೂತಲ್ಲಿಂದಲೇ ಎಲ್ಲ ನಡೆಸುವ, ಉದ್ದ ವೈರಿನ ಒಂದೇ ಡಬ್ಬಿ ಮಾಡಿಕೊಡುತ್ತಾರೆ. ಇಲ್ಲಿಯವರೆಗೆ ಹತ್ತೊಂಬತ್ತು ಡಬ್ಬಿ. ಒಂದರಂತೆ ಇನ್ನೊಂದಿಲ್ಲ.

“ಎಲ್ಲಾರೂ ಒಂದ ನಮೂನಿ ಒತ್ತಂಗಿಲ್ರಿ,” ಎನ್ನುತ್ತಾರೆ. “ಒಬ್ರಿಗೆ ಮೊದ್ಲು ಸೌಂಡ್ ಬೇಕು. ಇನ್ನೊಬ್ರಿಗೆ ಮೊದ್ಲು ಫ್ಯಾನ್ ತಿರಗಬೇಕು, ಆಮ್ಯಾಲ ಸಿನಿಮಾ. ಮನಿ ನೋಡ್ದ ಡಬ್ಬಿ ಮಾಡಿದ್ರ, ಅಳತಿ ತಗೊಳ್ದ ಅಂಗಿ ಹೊಲ್ದಂಗ.”

ಡಬ್ಬಿಯಲ್ಲಿ ಅರ್ಧ ಪಾಲು ಹೆಂಡತಿ ಹೂವಮ್ಮನವರದು. ಹೊಲಿಗೆ ಮಷೀನಿನ ಚಕ್ರ ತಿರುಗಿಸುತ್ತಾ ಕೂದಲೆಳೆಯ ತಂತಿಯನ್ನು ಸುರುಳಿ ಸುತ್ತುವವರು ಅವರೇ. ಒಂದು ಸುರುಳಿಗೆ ಎರಡು ಸಾವಿರದ ನಾನೂರು ಸುತ್ತು. ನೂರಕ್ಕೊಂದು ಶೇಂಗಾ ಬೀಜ ಪಕ್ಕಕ್ಕಿಡುತ್ತಾರೆ. ಇಪ್ಪತ್ನಾಲ್ಕು ಬೀಜವಾದರೆ ಸುರುಳಿ ಮುಗಿಯಿತು, ಬೀಜ ಬಾಯಿಗೆ. ನಡುವೆ ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪಿ ಮೊದಲಿನಿಂದ ಸುತ್ತಬೇಕು. ಅದಕ್ಕೇ ನಾನು “ನಮಸ್ಕಾರಮ್ಮಾ” ಎಂದಾಗ ಪಕ್ಕದ ಅಂಗಡಿಯ ಗುಜರಿ ವ್ಯಾಪಾರಿ ದಸ್ತಗಿರಿ ಓಡಿಬಂದು ನನ್ನ ರಟ್ಟೆ ಹಿಡಿದರು: “ಅರೇ ಸಾಬ್, ಹೂವಮ್ಮ ಎಣಸಾಕತ್ಯಾಳ! ಬಾಯಿ ಮುಚ್ಕೋರಿ!” ಈ ದಸ್ತಗಿರಿಯ ಗುಜರಿಯಿಂದಲೇ ಹಳೆಯ ಟೆಲಿಫೋನಿನ ರಿಲೇಗಳು ಡಬ್ಬಿಗೆ ಬರುತ್ತವೆ. ರಿಲೇ ಎಂದರೆ ಬೇರೇನಲ್ಲ, ಇಲ್ಲಿ ಗುಂಡಿ ಒತ್ತಿದರೆ ಅಲ್ಲಿ ಟಕ್ ಎಂದು ಸ್ವಿಚ್ ಹಾಕುವ ಪುಟ್ಟ ಯಂತ್ರ, ಹೂವಮ್ಮನ ಸುರುಳಿ ಕೂರುವುದು ಇದರೊಳಗೇ.

ಆಚಾರ್ಯರ ಕಥೆ ಅವರ ಹೆಂಡತಿ ಅಂಬೂಬಾಯಿಯವರ ಬಾಯಲ್ಲೇ ಕೇಳಬೇಕು.

“ಇವರು ನಲವತ್ತು ವರ್ಷ ಪಾಠ ಹೇಳ್ಯಾರ. ಒಂಬತ್ತು ಮಂದಿ ಶಿಷ್ಯರಿದ್ರು. ಹೋದ ವರ್ಷ ಲಕ್ವ ಹೊಡೀತು ನೋಡ್ರಿ, ಬಲಗಡೆ ಪೂರಾ ಹೋತು, ಮಾತು ಹೋತು. ಬುದ್ಧಿಗೇನಾಗಿಲ್ಲ, ಎಲ್ಲಾ ಗೊತ್ತಾಗ್ತದ. ಹೇಳ್ಲಿಕ್ಕೆ ಬರಂಗಿಲ್ಲ, ಅದೇ ಸಂಕಟ. ಒಬ್ಬೊಬ್ರ ಬಿಟ್ರು. ಜಯತೀರ್ಥ ಒಬ್ಬ ಉಳಿದಾನ. ಹತ್ತಿ ಗಿರಣಿಯೊಳಗ ಗುಮಾಸ್ತ. ಅವನೂ ದೀಪಾವಳಿ ತನಕ ನೋಡ್ತೀನಿ ಅಂದಾನ. ಅವನೂ ಹೋದ್ರ ಇವರಿಗೆ ಬೆಳಗ್ಗೆ ಏಳ್ಲಿಕ್ಕೆ ಕಾರಣನ ಇರಂಗಿಲ್ಲ.”

ಕಾಯಿಲೆಗೆ ಮುಂಚೆ ಆಚಾರ್ಯರು ತಮ್ಮ ಪಾಠವನ್ನು ನಲವತ್ತೆರಡು ಕ್ಯಾಸೆಟ್ಟುಗಳಲ್ಲಿ ತುಂಬಿಸಿಟ್ಟಿದ್ದರು. ತಾವು ಪರ ಊರಿಗೆ ಹೋದಾಗ ಶಿಷ್ಯರು ಕೇಳಲಿ ಎಂದು. ಈಗ ಅವರಿಗೆ ಉಳಿದಿರುವ ದನಿ ಅಷ್ಟೇ. ಆದರೆ ಕ್ಯಾಸೆಟ್ಟು ನಿಲ್ಲದೆ ಓಡುತ್ತದೆ. ಸಂತೆ, ಅಂದರೆ ಶ್ಲೋಕದ ಬಾಯಿಪಾಠ, ಹೇಳಿಕೊಡುವುದು ಎಂದರೆ ಗುರು ಒಂದು ಸಲ ಹೇಳಬೇಕು, ಶಿಷ್ಯ ಎರಡು ಸಲ ಹೇಳಬೇಕು, ತಪ್ಪಿದರೆ ಗುರು ಮತ್ತೆ ಅದೇ ಸಾಲಿಗೆ ಬರಬೇಕು.

“ಶಿಷ್ಯನೇ ಗುಂಡಿ ಒತ್ತಿ ನಿಲ್ಲಿಸಬಹುದಲ್ಲ?” ನಾನು ಜಾಣನಂತೆ ಕೇಳಿದೆ.

ಮರಿಬಸಪ್ಪ ನನ್ನನ್ನು ಒಂದು ಗಳಿಗೆ ನೋಡಿದರು. “ತನ್ನ ತಪ್ಪು ತನಗ ಕೇಳಸ್ತೈತೇನ್ರಿ? ಶಿಷ್ಯ ನಿಲ್ಸಿದ್ರ ಅದು ಟೇಪು. ಗುರು ನಿಲ್ಸಿದ್ರ ಅದು ಪಾಠ.”

ಹೀಗೆ ಶುರುವಾಯಿತು ಇಪ್ಪತ್ತನೆಯ ಡಬ್ಬಿ. ಹನ್ನೊಂದು ಬೆಳಗು ಅವರು ಹೆಬ್ಬೆರಳನ್ನೇ ನೋಡಿದರು. ಒತ್ತಿ ಹಿಡಿಯಲು ಆ ಬೆರಳಿಗೆ ಕಸುವಿಲ್ಲ, ತಟ್ಟಿ ಬಿಡಬಲ್ಲದು. ಆದ್ದರಿಂದ ಒಮ್ಮೆ ತಟ್ಟಿದರೆ ಟೇಪು ಓಡಬೇಕು, ಮತ್ತೆ ತಟ್ಟಿದರೆ ನಿಲ್ಲಬೇಕು. ಅದು ಮೊದಲ ಗುಂಡಿ. ಮೂರನೆಯದು ಫ್ಯಾನಿಗೆ, ನಾಲ್ಕನೆಯದು ಅಂಬೂಬಾಯಿಯವರನ್ನು ಕರೆಯುವ ಗಂಟೆಗೆ. ಇವು ಮೂರಕ್ಕೂ ಹಿಡಿದದ್ದು ಒಂದು ದಿನ. ಉಳಿದ ದಿನಗಳನ್ನೆಲ್ಲ ನುಂಗಿದ್ದು ಎರಡನೆಯ ಗುಂಡಿ: ಒಂದು ಸಾಲು ಹಿಂದಕ್ಕೆ.

ಒಂದು ಸಾಲು ಅಂದರೆ ಎಷ್ಟು? ಗಡಿಯಾರ ಹಿಡಿದು ಆರು ಕ್ಯಾಸೆಟ್ಟು ಕೇಳಿದರು. ಆಚಾರ್ಯರ ಒಂದು ಸಾಲಿಗೆ ಏಳು ಸೆಕೆಂಡು, ಹೆಚ್ಚೆಂದರೆ ಎಂಟು. ಟೇಪು ಹಿಂದಕ್ಕೆ ಓಡುವ ಭರಾಟೆಯಲ್ಲಿ ಅದು ಕಣ್ಣು ಮಿಟುಕಿಸುವಷ್ಟು ಹೊತ್ತು. ಒಮ್ಮೆ ಅರ್ಧ ಸಾಲಿಗೇ ನಿಂತಿತು, ಒಮ್ಮೆ ಇಡೀ ಅಧ್ಯಾಯ ದಾಟಿ ಮಂಗಳಾಚರಣೆಗೆ ಹೋಯಿತು. ಮೋಟಾರಿನ ವೇಗ ತಗ್ಗಿಸಿದರು, ಪುಟ್ಟ ತಿರುಪನ್ನು ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ತಿರುಗಿಸಿದರು. “ಅರ್ಧ ಸಾಲು ಹೆಚ್ಗಿ ಹೋದ್ರ ಏಂ ಕಾದು, ಏನಾಗಂಗಿಲ್ಲ. ಕಡಿಮಿ ಹೋಗಬಾರ್ದ್ರಿ. ಗುರುಗಳ ಮಾತು ನಡಕ್ಕ ಹಿಡಿದ್ರ ಹೆಂಗ?”

ಹದಿನೆಂಟನೆಯ ಬೆಳಗಿಗೆ ಡಬ್ಬಿ ತಯಾರು. ಮಡಿಯಲ್ಲಿದ್ದಾಗಲೂ ಅಂಬೂಬಾಯಿ ಮುಟ್ಟಲು ಬರಲಿ ಎಂದು ಮರಿಬಸಪ್ಪ ಮುತುವರ್ಜಿಯಿಂದ ಮುಚ್ಚಳ, ಗುಂಡಿ ಎಲ್ಲ ಹಿತ್ತಾಳೆಯದೇ ಮಾಡಿಸಿದ್ದರು. ಸಂಜೆ ತಂದುಕೊಟ್ಟರು. ಬೆಳಗ್ಗೆ ಬಂದು ನೋಡಿದರೆ ಮಂಚದ ಬಳಿ ಡಬ್ಬಿ ಇಲ್ಲ! ಹಿತ್ತಲಲ್ಲಿ ತಂಬಿಗೆ, ಚೆಂಬು, ಆರತಿ ತಟ್ಟೆಗಳ ಸಾಲಿನಲ್ಲಿ, ಫಳಫಳ ಹೊಳೆಯುತ್ತಾ, ನೀರಿಳಿಯಲೆಂದು ಬೋರಲು ಹಾಕಿಸಿಕೊಂಡು ಕೂತಿದೆ.

“ಹಿತ್ತಾಳಿ ಅಂದಮ್ಯಾಲೆ ಹುಣಸಿಹಣ್ಣು ಹಚ್ಚಿ ತೊಳೀಬೇಕಲ್ರೀ,” ಎಂದು ಅಂಬೂಬಾಯಿ ಈಗಲೂ ನಾಚಿಕೊಂಡು ಹೇಳುತ್ತಾರೆ. “ವೈರು ಬಿಚ್ಚಿ, ಎರಡು ಸಲ ತಿಕ್ಕಿದೆ. ಹೊಸಾದು, ಯಾರ್ ಯಾರ ಕೈಯಾಗ ಬಂದದೋ ಏನೋ ಅಂತ ಇನ್ನೊಂದು ಸಲ ತಿಕ್ಕಿದೆ. ರಾಮ ರಾಮಾ! ಅವರ ಮುಖ ನೋಡ್ಲಿಕ್ಕೆ ಆಗ್ಲಿಲ್ಲ ನನಗ.”

ರಿಲೇಗಳು ಹುಳಿನೀರು ಕುಡಿದು ಸತ್ತಿದ್ದವು. ಹೂವಮ್ಮನ ಸುರುಳಿಗಳು ಹಸಿರು ಕಟ್ಟಿದ್ದವು. ನಾನಾಗಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದೆ. ಮರಿಬಸಪ್ಪ ಹಿತ್ತಲ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ.

“ತಪ್ಪು ನಂದ್ರಿ,” ಎಂದರು ನನ್ನ ಬಳಿ. “ಹನ್ನೊಂದು ದಿನ ಬೆರಳು ನೋಡಿದೆ. ಈ ಮನ್ಯಾಗ ಹಿತ್ತಾಳಿ ಮುಂಜಾನೆದ್ದು ಎಲ್ಲಿಗೆ ಹೋಗ್ತೈತಿ ಅಂಬೋದು ನೋಡ್ಲಿಲ್ಲ. ಅರ್ಧಾ ಮನಿ ನೋಡಿ ಡಬ್ಬಿ ಮಾಡ್ದೆ.”

ಆದರೆ ದೀಪಾವಳಿಗೆ ಉಳಿದದ್ದು ಒಂಬತ್ತೇ ದಿನ. ಅಂಬೂಬಾಯಿ “ಬ್ಯಾಡ ಬಿಡಪ್ಪಾ, ನಮ್ಮ ಹಣೆಬರಹ” ಎಂದು ಕಣ್ಣೊರೆಸಿಕೊಂಡರು. ಮರಿಬಸಪ್ಪ ಡಬ್ಬಿಯನ್ನು ಪಂಚೆಯ ತುದಿಯಲ್ಲಿ ಕಟ್ಟಿಕೊಂಡು ಹೊರಟರು. ದಸ್ತಗಿರಿ ಗುಜರಿಯ ತಳ ಕೆದಕಿ ಆರು ರಿಲೇ ಹುಡುಕಿಕೊಟ್ಟರು. ಹೂವಮ್ಮ ಮತ್ತೆ ಎಣಿಸಲು ಕೂತರು, ಓಣಿಗೆ ಓಣಿಯೇ ಬಾಯಿ ಮುಚ್ಚಿಕೊಂಡಿತು. ಬೆಳಗಿನ ಹೊತ್ತು ಮರಿಬಸಪ್ಪ ಹಿತ್ತಲಲ್ಲಿ ಕೂತು, ಅಂಬೂಬಾಯಿ ಪಾತ್ರೆ ತಿಕ್ಕುವುದನ್ನು ನೋಡಿದರು. ಹೊಸ ಡಬ್ಬಿಯ ಯಂತ್ರವೆಲ್ಲ ಮರದ ತಳದಲ್ಲಿದೆ. ಗುಂಡಿಗಳ ಸಮೇತ ಹಿತ್ತಾಳೆ ಮುಚ್ಚಳ ಡಬ್ಬಿಯಿಂದ ಬಿಡಿಯಾಗಿ ಎದ್ದುಬರುತ್ತದೆ. ದಿನಾ ಬೆಳಗ್ಗೆ ಹುಣಸೆಹಣ್ಣು ಹಚ್ಚಿ ತೊಳೆದು, ಒರೆಸಿ, ಮತ್ತೆ ಕೂರಿಸಬಹುದು. ಮನೆಯ ಪದ್ಧತಿ ಬದಲಾಗಲಿಲ್ಲ, ಡಬ್ಬಿ ಬದಲಾಯಿತು.

ಈಗ ಐದೂ ಮುಕ್ಕಾಲು. ಜಯತೀರ್ಥ ಬಂದು ನಮಸ್ಕರಿಸಿ ಚಾಪೆಯ ಮೇಲೆ ಕೂರುತ್ತಾನೆ. ಎಂಟಕ್ಕೆ ಗಿರಣಿ, ಮುಖದಲ್ಲಿ ಆಗಲೇ ಅವಸರ. ಆಚಾರ್ಯರ ಹೆಬ್ಬೆರಳು ಮೊದಲ ಗುಂಡಿ ತಟ್ಟುತ್ತದೆ. ಗೂಡಿನಲ್ಲಿ ಟಕ್ ಎನ್ನುತ್ತದೆ. ಕಂಚಿನ ಕಂಠವೊಂದು ಪಡಸಾಲೆಯನ್ನು ತುಂಬುತ್ತದೆ, ಒಂದು ಸಾಲು. ಬೆರಳು ತಟ್ಟುತ್ತದೆ, ದನಿ ನಿಲ್ಲುತ್ತದೆ. ಜಯತೀರ್ಥ ಎರಡು ಸಲ ಹೇಳುತ್ತಾನೆ. ಎರಡನೆಯ ಸಾಲು, ಮೂರನೆಯ ಸಾಲು. ನಾಲ್ಕನೆಯದರಲ್ಲಿ ಅವಸರಕ್ಕೆ ಸಾಲಿನ ಕೊನೆ ನುಂಗಿಬಿಡುತ್ತಾನೆ.

ಹೆಬ್ಬೆರಳು ಬಲಕ್ಕೆ ಸರಿಯುತ್ತದೆ. ಮರಿಬಸಪ್ಪ ಕಂಬ ಬಿಟ್ಟು ಮುಂದಕ್ಕೆ ಬಾಗುತ್ತಾರೆ. ಎರಡನೆಯ ಗುಂಡಿ. ಗೂಡಿನಲ್ಲಿ ಸರ್ ಎನ್ನುತ್ತದೆ, ಟಕ್ ಎನ್ನುತ್ತದೆ, ಅದೇ ನಾಲ್ಕನೆಯ ಸಾಲು ಮೊದಲಕ್ಷರದಿಂದ ಮೊಳಗುತ್ತದೆ. ಜಯತೀರ್ಥ ಬೆಚ್ಚಿ ತಲೆಯೆತ್ತುತ್ತಾನೆ. ಹೇಳುತ್ತಾನೆ, ಮತ್ತೆ ನುಂಗುತ್ತಾನೆ. ಮತ್ತೆ ಎರಡನೆಯ ಗುಂಡಿ! ಈ ಸಲ ಬೆರಳು ತಟ್ಟಿದ್ದು ಸ್ವಲ್ಪ ಜೋರಾಗಿಯೇ. ಅಡುಗೆಮನೆಯ ಬಾಗಿಲಲ್ಲಿ ಮಡಿಯುಟ್ಟ ಅಂಬೂಬಾಯಿ ಸೌಟು ಹಿಡಿದು ನಿಂತಿದ್ದಾರೆ.

“ಬೈದ್ರು!” ಎನ್ನುತ್ತಾರೆ, ಅಳು ನಗು ಎರಡೂ ಸೇರಿದ ದನಿಯಲ್ಲಿ. “ನೋಡ್ರಿ, ಬೈದ್ರು ಅವಂಗ! ಹದಿನಾಲ್ಕು ತಿಂಗಳಾತು, ಇವರು ಯಾರಿಗೂ ಬೈದಿದ್ದೇ ಇಲ್ಲ!”

ಮೂರನೆಯ ಸಲ ಜಯತೀರ್ಥ ನಿಧಾನವಾಗಿ, ಕೊನೆಯ ಅಕ್ಷರದವರೆಗೂ ಹೇಳುತ್ತಾನೆ. ಆಚಾರ್ಯರು ಒಂದು ಕ್ಷಣ ಕಾಯಿಸಿ, ಮೊದಲ ಗುಂಡಿ ತಟ್ಟಿ ಮುಂದಿನ ಸಾಲಿಗೆ ಹೋಗುತ್ತಾರೆ. ಗುರುಗಳು ಮುಂದಿನ ಸಾಲಿಗೆ ಹೋದರು ಎಂದರೆ ಹಿಂದಿನದು ಒಪ್ಪಿತು ಎಂದರ್ಥ. ಅವರ ಬಾಯಿಯ ಎಡತುದಿ ನಗುತ್ತಿದೆ. ನನ್ನ ಕಣ್ಣು ಮಂಜಾಯಿತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಪಾಠ ಮುಗಿಯುವಾಗ ಗುಡ್ಡದ ಮೇಲೆ ಬಿಸಿಲು. “ನಾಳಿಗೆ ಐದೂವರಿಗೇ ಬರ್ತೀನಿ ಆಚಾರ್ರ,” ಎಂದು ಜಯತೀರ್ಥ ನಮಸ್ಕರಿಸಿ ಓಡಿದ. ಮರಿಬಸಪ್ಪ ಡಬ್ಬಿಯನ್ನು ಇನ್ನೊಮ್ಮೆ ಮುಟ್ಟಿಯೂ ನೋಡಲಿಲ್ಲ. ಚಪ್ಪಲಿ ಮೆಟ್ಟಿ ಅಂಗಡಿಯತ್ತ ಹೊರಟರು. ಬೆನ್ನು ಹತ್ತಿ ಕೇಳಿದೆ: ಇಷ್ಟೆಲ್ಲ ಮಾಡಿದಿರಿ, ಡಬ್ಬಿಯ ಮೇಲೆ ನಿಮ್ಮ ಹೆಸರನ್ನಾದರೂ ಕೆತ್ತಿಸಬಾರದೇ?

“ಅಯ್ಯ, ಬಿಡ್ರಿ,” ಎಂದು ನಕ್ಕರು. ನಾಲ್ಕು ಹೆಜ್ಜೆ ಹೋದ ಮೇಲೆ ನಿಂತು, ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡರು.

“ಮೆಕ್ಯಾನಿಕ್ ಯಾವಾಗ ನೆನಪಾಗ್ತಾನ ಹೇಳ್ರಿ? ಕೆಟ್ಟಾಗ. ಆ ಗೂಡಿನ್ಯಾಗ ಇನ್ನಾ ನಲವತ್ತೊಂದು ಕ್ಯಾಸೆಟ್ ಅದಾವ. ಅವು ಮುಗಿಯೋ ತನಕ ಆಚಾರ್ರಿಗೆ ನಾ ಒಂದ ಸಲಾನೂ ನೆನಪಾಗಬಾರ್ದು. ಅಷ್ಟಾದ್ರ ಸಾಕ್ರಿ ನನಗ.”