ಅವಿರೋಧ ಆಯ್ಕೆಗೆ ನಾನು ಒಯ್ದ ಭಂಡಾರ

ಆರನೆಯ ತರಗತಿಗೆ ಶಾಲೆ ಬಿಟ್ಟು ಗೌಂಡಿ ಕೆಲಸ ಹಿಡಿದವನು ನಾನು. ಹುನಗುಂದದ ಸುತ್ತ ನಾನು ಕಟ್ಟಿದ ಗೋಡೆ ಬಿರುಕು ಬಿಟ್ಟಿದ್ದನ್ನು ಯಾರಾದರೂ ತೋರಿಸಲಿ. ಓಟಿಗಾಗಿ ಯಾರಿಂದಲೂ ಒಂದು ಕಪ್ ಚಹಾ ಸಹ ಕುಡಿದಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದೆ.

ಕಳೆದ ಪಂಚಾಯಿತಿ ಚುನಾವಣೆಗೆ ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ನಿಂತಳು. ನನ್ನ ಕೈಕೆಳಗೆ ಗಾರೆ ಹೊರುವವಳು. ಓಣಿಗೆ ನೀರಿನ ನಳ ತರಬೇಕೆನ್ನುವುದು ಅವಳ ಹಟ. ನಿಲ್ಲು ಎಂದು ಹುರಿದುಂಬಿಸಿದವನೂ, ಅರ್ಜಿಗೆ ಸೂಚಕನೆಂದು ಸಹಿ ಹಾಕಿದವನೂ ನಾನೇ.

ಎದುರಿಗಿದ್ದವನು ಗ್ರಾನೈಟ್ ಸಾಹುಕಾರರ ಮಗ. ಹಿರಿಯರು ಬೀರಪ್ಪನ ಗುಡಿಯಲ್ಲಿ ಸಭೆ ಕೂಡಿಸಿದರು. ಮಗನನ್ನು ಅವಿರೋಧವಾಗಿ ಆರಿಸಿದರೆ ಸಾಹುಕಾರರು ಗುಡಿಯ ಮುಂದೆ ಕಲ್ಲಿನ ಮಂಟಪ ಕಟ್ಟಿಸಿಕೊಡುತ್ತಾರಂತೆ. ಸಭೆಯಲ್ಲೇ ಕೂತಿದ್ದ ಸಾಹುಕಾರರು ನನ್ನ ಕಡೆ ತಿರುಗಿದರು.

"ಮಂಟಪ ನಿನ್ನ ಕೈಯಾಗ ಆಗ್ಬೇಕ ನೋಡಪಾ. ಈ ಸುತ್ತಿನ್ಯಾಗ ಮತ್ತ ಯಾರಿಗೆ ಬರ್ತೈತಿ ಆ ಕೆಲಸ?"

ಒಬ್ಬ ಹಿರಿಯ ನಕ್ಕ. "ಅಂವಗ ಚಹಾ ಕುಡಸಬ್ಯಾಡ್ರಿ ಸಾಹುಕಾರ, ಹೊಗಳ್ರಿ, ಸಾಕು."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಬೀರಪ್ಪನ ಭಂಡಾರವನ್ನು, ಅಂದರೆ ಅರಿಷಿಣದ ಪುಡಿಯನ್ನು ಮುಟ್ಟಿ ಕೊಟ್ಟ ಮಾತನ್ನು ನಮ್ಮಲ್ಲಿ ಯಾರೂ ಮುರಿಯುವುದಿಲ್ಲ. ಅದನ್ನೇ ಪೊಟ್ಟಣ ಕಟ್ಟಿಕೊಂಡು ಅವಳ ಮನೆಗೆ ಹೋದೆ. ಯಾರೂ ಹೇಳಿರಲಿಲ್ಲ, ನನಗೇ ಹೊಳೆಯಿತು.

"ಅರ್ಜಿ ಹಿಂದಕ್ಕ ತಗೋ ತಂಗಿ. ಊರಿಗೊಂದು ಮಂಟಪ ಆಗ್ತೈತಿ."

"ನಳಾ?"

"ಅದನ್ನೂ ಮಾಡ್ತೇವಿ ಅಂದಾರ."

ಹಾಗೆಂದು ಯಾರೂ ಅಂದಿರಲಿಲ್ಲ.

ಅವಳು ಪೊಟ್ಟಣ ನೋಡಿದಳು. "ನಿಲ್ಲು ಅಂದಿ, ನಿಂತೆ ಅಣ್ಣಾ. ಆವತ್ತ ನೀ ಭಂಡಾರ ತಂದಿರಲಿಲ್ಲ."

ಆದರೂ ಮುಟ್ಟಿದಳು.

ಮತದಾನದ ದಿನ ನಮ್ಮ ಓಣಿಗೆ ಮತದಾನವೇ ಇರಲಿಲ್ಲ. ಒಬ್ಬನೇ ಉಳಿದರೂ ಓಟು ನಡೆಯಬೇಕು, 'ಈತ ಬೇಡ' ಎನ್ನಲೂ ಒಂದು ಗುರುತಿರಬೇಕು, ಅದಕ್ಕೇ ಹೆಚ್ಚು ಬಿದ್ದರೆ ಮತ್ತೆ ಚುನಾವಣೆಯಾಗಬೇಕು ಎಂದು ಈಗ ಕಟ್ಟೆಯ ಮೇಲೆ ಕೂತು ಹೇಳುತ್ತೇನೆ. ಅಂಥ ಕಾಯ್ದೆಯಿದ್ದಿದ್ದರೆ ಸಾಹುಕಾರರು ಓಣಿಯ ಮನೆಮನೆಗೂ ಬಂದು ಕೇಳಬೇಕಾಗುತ್ತಿತ್ತು. ನನ್ನೊಬ್ಬನನ್ನು ಹೊಗಳಿದರೆ ಸಾಲುತ್ತಿರಲಿಲ್ಲ. ಇದನ್ನು ಮಾತ್ರ ಕಟ್ಟೆಯ ಮೇಲೆ ಹೇಳುವುದಿಲ್ಲ.

ಮಂಟಪ ಮುಗಿಯಿತು. ನಳ ಬರಲಿಲ್ಲ. ಅವಳು ನನ್ನ ಕೆಲಸ ಬಿಟ್ಟು ಬೇರೆ ಗೌಂಡಿಯ ಕಡೆ ಹೋದಳು.

ಮೊನ್ನೆ ಪಕ್ಕದ ಓಣಿಯಿಂದ ನೀರು ಹೊತ್ತು ಬರುವಾಗ ದಣಿದು ಮಂಟಪದ ಮೆಟ್ಟಿಲ ಮೇಲೆ ಕೊಡ ಇಳಿಸಿದಳು. ನಾನು ಅಲ್ಲೇ ಕೂತಿದ್ದೆ.

"ಕೆಲಸ ಛಲೋ ಮಾಡೀರಿ ಬಿಡ್ರಿ," ಎಂದಳು. ಅಣ್ಣಾ ಎನ್ನಲಿಲ್ಲ.

ಎದ್ದು ಕೊಡ ಎತ್ತಿಕೊಡಲು ಹೋದೆ. ತಾನೇ ಎತ್ತಿಕೊಂಡು ಹೋದಳು.