ಕಂಪ್ಯೂಟರು ಒಪ್ಪದ ನನ್ನ ಬರಹ

ಬೆಲೆ ಕುದುರಿಸಲು ಟವಲ್ಲಿನಡಿ ಬೆರಳು ಹಿಡಿದರೆ ಸಾಕು, ಎದುರಿನವನು ಎಂಥ ಆಳು, ಎಲ್ಲಿಯವರೆಗೆ ಏರುತ್ತಾನೆ ಎಂದು ಹೇಳಬಲ್ಲೆ. ಮಳವಳ್ಳಿ ಸಂತೆಯಲ್ಲಿ ಹಾಗೆಯೇ ಕುರಿ ಮಾರಿ ಮೇಲೆ ಬಂದವನು ನಾನು. ಈಗ ಬಂಡೂರು ಟಗರುಗಳನ್ನು ಕಂಪ್ಯೂಟರಿನಲ್ಲೂ ಮಾರುತ್ತೇನೆ. ಅಲ್ಲಿನ ಖಾತೆಯಲ್ಲಿ ಹೆಸರು ನನ್ನದು, ಫೋಟೊ ನನ್ನದು. ಕೊಳ್ಳುವವರಿಗೆ ಉತ್ತರ ನಾನು ಹೇಳುತ್ತಿದ್ದೆ, ಹೆಂಡತಿ ಟೈಪು ಮಾಡುತ್ತಿದ್ದಳು. ನಂಬಿಕಸ್ಥ ಎಂದು ಹೆಸರಾಗಲು ಐದು ವರ್ಷ ಹಿಡಿಯಿತು.

ಹೋದ ಚಳಿಗಾಲ ಅವಳು ತಂಗಿಯ ಬಾಣಂತನಕ್ಕೆಂದು ಬೆಳಕವಾಡಿಗೆ ಹೋದಳು. ಮದ್ದೂರಿನವರೊಬ್ಬರು ಟಗರು ಕೇಳಿ ಬರೆದಿದ್ದರು. ನಾನೇ ಒಂದು ಬೆರಳಲ್ಲಿ ಕುಟ್ಟಿ ಉತ್ತರಿಸಿದೆ. ಅದು ಹೋಗಲೇ ಇಲ್ಲ. ಪರದೆಯ ಮೇಲೆ ಬಂತು: ಈ ಬರವಣಿಗೆಯ ರೀತಿ ಖಾತೆದಾರರದಲ್ಲ, ಸಂಜೆ ಐದರೊಳಗೆ ಎಂದಿನಂತೆ ಬರೆದು ನೀವೇ ಎಂದು ತೋರಿಸದಿದ್ದರೆ ಖಾತೆ ಮುಚ್ಚಲಾಗುವುದು.

ಎಂದಿನಂತೆಯೇ ಬರೆದೆ. ಹೊಂದುತ್ತಿಲ್ಲ ಎಂದಿತು. ನಯವಾಗಿ ಬರೆದೆ. ಮತ್ತೆ ಅದೇ. ನನಗಿಂತ ನಾನಾಗಿ ಬರೆಯುವುದು ಹೇಗೆ? ಇನ್ನೊಂದೇ ಅವಕಾಶವಿತ್ತು. ಹೆಂಡತಿಗೆ ಫೋನು ಮಾಡಿದೆ.

“ಲೇ, ನಾನ್ ಯೋಳಿದ್ದನ್ನೇ ತಾನೆ ನೀನು ಬರೀತಿದ್ದದ್ದು?”

“ನೀವ್ ಯೋಳ್ದಂಗೆ ಬರ್ದಿದ್ರೆ ಒಂದು ಮರೀನೂ ಓಗ್ತಿರ್ಲಿಲ್ಲ ಬುಡಿ.”

“ಮತ್ತೇನ್ ಬರೀತಿದ್ದೆ?”

“ಕುಂಟಿದ್ರೆ ಕುಂಟು ಅಂತ. ಕೊಂಡೋರ ಮನೇಲಿ ಮರಿ ಸರ್ಯಾಗಿ ಮೇಯ್ತದಾ ಅಂತ. ಅಷ್ಟೇ ಕಣ್ರೀ.”

ಕುಂಟನ್ನು ಮುಚ್ಚಿಡಲು ನಾನು ಎಷ್ಟು ಸಲ ಹೇಳಿದ್ದೆನೋ!

ಅವಳು ಹೇಳಿದಳು, ನಾನು ಕುಟ್ಟಿದೆ. ಮದ್ದೂರಿನವರಿಗೆ ಅವರು ಕೇಳಿದ್ದ ಟಗರಿನ ಹಿಂಗಾಲು ತುಸು ಎಳೆಯುತ್ತದೆ ಎಂಬುದೂ ಹೋಯಿತು. ಪರದೆ ಹಸಿರಾಯಿತು: ಖಾತೆದಾರರು ನೀವೇ.

ಖಾತೆಯೇನೋ ಉಳಿಯಿತು. ಖುಷಿಪಡಬೇಕೋ ಬೇಡವೋ ಗೊತ್ತಾಗಲಿಲ್ಲ. ವ್ಯಾಪಾರಕ್ಕಿಳಿಯುವವರಿಗೆಲ್ಲ ನಾನು ಬುದ್ಧಿ ಹೇಳುತ್ತೇನೆ: ನಿಮ್ಮ ಉತ್ತರ ನೀವೇ ಬರೆಯಿರಿ, ಇನ್ನೊಬ್ಬರ ಕೈಗೆ ಬಿಡಬೇಡಿ. ಆದರೆ ನಾನೇ ಬರೆದಿದ್ದರೆ ನಂಬಿಕಸ್ಥ ಎಂಬ ಹೆಸರು ಬರುತ್ತಿತ್ತೇ? ಇವತ್ತಿಗೂ ತಿಳಿಯದು.

ನಾಲ್ಕು ದಿನಕ್ಕೆ ಮದ್ದೂರಿನವರು ಬಂದರು. ಟಗರಿನ ಕಾಲು ಮುಟ್ಟಿ ನೋಡಿ, ಬರೆದಂತೆಯೇ ಇದೆ ಎಂದರು. ನಾನು ಟವಲ್ಲು ಹಾಕಿ, ಕುಂಟಿಲ್ಲದ ಟಗರಿನ ಬೆಲೆಗೇ ಅವರ ಬೆರಳು ಅದುಮಿದೆ. ಅವರು ಕೈ ಎಳೆದುಕೊಂಡು ನನ್ನ ಮುಖವನ್ನೇ ನೋಡಿದರು.

“ಕಂಪ್ಯೂಟರ್‌ನಾಗೆ ಬರ್ಯೋರು ಎಲ್ಲವ್ರೆ ಯಜಮಾನ್ರೇ? ಅವ್ರನ್ನ ಕರೀರಿ, ಅವ್ರತ್ರ ಮಾತಾಡ್ತೀನಿ.”

ನಾನೇ ಎನ್ನಲು ಬಾಯಿ ತೆರೆದೆ. ಆದರೆ ಬೆಳಕವಾಡಿಗೆ ಫೋನು ಹಚ್ಚಿ ಅವರ ಕೈಗೆ ಕೊಟ್ಟೆ.